‘ಸ್ತ್ರೀ’ ಪದದಲ್ಲಿ ಎಷ್ಟು ಅಕ್ಷರ?

ಹೋದ ದಸರಾ ರಜೆಯಲ್ಲಿ ನಮ್ಮ ಮನೆಯಲ್ಲೊಂದು ಸಣ್ಣ ಜಗಳ ಆಯಿತು. ನನ್ನ ಅಪ್ಪನಿಗೂ ನನ್ನ ಮಗಳಿಗೂ. ಅಪ್ಪ ಗುಬ್ಬಿ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದವರು. ಮಗಳು ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ, ಕಂಪ್ಯೂಟರ್ ಸೈನ್ಸು. ಕನ್ನಡ ಪದ ಕೊಟ್ಟರೆ ಅಕ್ಷರ ಎಣಿಸುವ ನಾಲ್ಕು ಸಾಲಿನ ಪ್ರೋಗ್ರಾಂ ಬರೆದು ತಾತನಿಗೆ ತೋರಿಸಲು ಬಂದಳು. ಮೇಷ್ಟ್ರು ಸುಮ್ನೆ ಇರ್ತಾರಾ? ‘ಸ್ತ್ರೀ’ ಅಂತ ಹಾಕು ನೋಡೋಣ ಅಂದರು. ಉತ್ತರ ಬಂತು: 6.

“ಆರಾ? ಅದು ಒಂದೇ ಅಕ್ಷರ ಕಣಮ್ಮ!”

“ಕಂಪ್ಯೂಟರ್ ಎಣಿಸೋದ್ರಲ್ಲಿ ತಪ್ಪು ಮಾಡಲ್ಲ ತಾತ.”

“ಹಂಗಾದ್ರೆ ಮೂವತ್ತು ವರ್ಷ ನಾನು ತಪ್ಪು ಹೇಳಿಕೊಟ್ಟೆ ಅನ್ನು.”

ಮಗಳು ಇನ್ನೊಂದು ವಿಧಾನದಲ್ಲಿ ಓಡಿಸಿದಳು. ಈ ಸಲ 3 ಬಂತು. ತಾತ ನಕ್ಕುಬಿಟ್ಟರು. “ಇನ್ನೊಂದು ಸಲ ಓಡಿಸು, ಒಂದಕ್ಕೆ ಇಳಿಯುತ್ತೆ.”

ನಾನು ಬಿ.ಎ. ಓದಿ ಲೆಕ್ಕಪತ್ರದ ಕೆಲಸ ಹಿಡಿದವನು. ಎರಡೂ ಕಡೆ ಅರ್ಧರ್ಧ ಗೊತ್ತು. ಆ ಮೂರೂ ಉತ್ತರ ಸರಿಯೇ. ಏಕೆ ಎಂದು ಬಿಡಿಸಿ ಹೇಳಲು ಹೊರಟರೆ ಕಂಪ್ಯೂಟರ್ ವಿಜ್ಞಾನಕ್ಕೂ ಸಾಹಿತ್ಯ, ಇತಿಹಾಸ, ವ್ಯಾಕರಣಕ್ಕೂ ಇರುವ ನಂಟು ತಾನಾಗೇ ಕಾಣುತ್ತದೆ.

ಮೊದಲು ಆ ಆರರ ಕಥೆ. ಕಂಪ್ಯೂಟರ್‌ಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಹಾಗಾಗಿ ಲೋಕದ ಲಿಪಿಗಳ ಒಂದೊಂದು ಗುರುತಿಗೂ ಒಂದೊಂದು ನಂಬರು ಕೊಟ್ಟಿದ್ದಾರೆ. ಆ ದೊಡ್ಡ ಪಟ್ಟಿಯ ಹೆಸರು ಯೂನಿಕೋಡ್. ಅದರಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ಇದೆ, ಕೆಲವು ಮನೆ ಇನ್ನೂ ಖಾಲಿ. ‘ಸ’ಗೆ ಒಂದು ಮನೆ, ‘ತ’ಗೆ ಒಂದು, ‘ರ’ಗೆ ಒಂದು, ಈ-ಕಾರದ ಗುರುತಿಗೆ ಒಂದು. ಆದರೆ ಒತ್ತಕ್ಷರಕ್ಕೆ ಮನೆ ಕೊಟ್ಟಿಲ್ಲ. ಕೊಡಲು ಹೋದರೆ ಸಾವಿರಾರು ಬೇಕಾಗುತ್ತಿತ್ತು. ಬದಲಿಗೆ ಹಲಂತದ ಗುರುತಿಗೆ ಒಂದು ಮನೆ ಕೊಟ್ಟರು. ‘ಸ’ದ ಪಕ್ಕ ಹಲಂತ ಬಂದರೆ ಅದರೊಳಗಿನ ಅ-ಕಾರ ಹೋಯಿತು, ಮುಂದಿನ ವ್ಯಂಜನ ಒತ್ತಾಗಿ ಕೆಳಗಿಳಿಯಿತು ಎಂದರ್ಥ. ಹೀಗೆ ‘ಸ್ತ್ರೀ’ ಎಂದರೆ ಸ, ಹಲಂತ, ತ, ಹಲಂತ, ರ, ಈ-ಕಾರ. ಒಟ್ಟು ಆರು.

ಮೂರು ಬಂದಿದ್ದು ಇನ್ನೊಂದು ಲೆಕ್ಕ. ಸ್, ತ್, ರೀ ಎಂದು ತುಂಡು ಮಾಡುವ ಒಂದು ನಿಯಮ ಇದೆ, ಪ್ರೋಗ್ರಾಂ ಅದನ್ನು ಪಾಲಿಸಿತು. ಒಂದು ಅಂದಿದ್ದು ಅಪ್ಪ. ಅವರದು ಬಾಯಿಯ ಲೆಕ್ಕ. ಒಂದೇ ಉಸಿರಿಗೆ, ಒಂದೇ ಸ್ವರದ ಮೇಲೆ ನಿಲ್ಲುವುದು ಒಂದು ಅಕ್ಷರ.

ಇದು ಬರೀ ಮನೆಜಗಳ ಅಲ್ಲ. ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳಿಸಿದರೆ ಒಂದು ಸಂದೇಶಕ್ಕೆ 70 ಗುರುತು ಮಾತ್ರ ಹಿಡಿಸುತ್ತದೆ, ಇಂಗ್ಲಿಷಿನಲ್ಲಾದರೆ 160. ಅದರಲ್ಲಿ ‘ಸ್ತ್ರೀ’ ಒಂದೇ ಆರನ್ನು ತಿನ್ನುತ್ತದೆ. ಫ್ಲೆಕ್ಸ್ ಅಂಗಡಿಯವರು ಮದುವೆ ಬ್ಯಾನರಿನಲ್ಲಿ ಒತ್ತನ್ನು ಬೇರೆ, ಅಕ್ಷರವನ್ನು ಬೇರೆ ಮಾಡಿ ಅಚ್ಚು ಹಾಕಿದ್ದು ನೋಡಿಲ್ವಾ? ಆ ತಂತ್ರಾಂಶ ಬರೆದವರಿಗೆ ಆರು ಗೊತ್ತಿತ್ತು, ಒಂದು ಗೊತ್ತಿರಲಿಲ್ಲ.

ತುಮಕೂರಿನಲ್ಲಿ ಕಲಾ ಕಾಲೇಜು ಬೇರೆ, ವಿಜ್ಞಾನ ಕಾಲೇಜು ಬೇರೆ. ಇಂಜಿನಿಯರಿಂಗ್ ಕಾಲೇಜುಗಳಂತೂ ಇನ್ನೊಂದೇ ಲೋಕ. ಪಿಯುಸಿಗೆ ಸೇರುವಾಗಲೇ “ಸೈನ್ಸಾ, ಆರ್ಟ್ಸಾ” ಎಂದು ಕೇಳಿ ಗೋಡೆ ಎಬ್ಬಿಸಿಬಿಡುತ್ತೇವೆ. ಆಮೇಲೆ ಆ ಗೋಡೆಯ ಎರಡೂ ಕಡೆ ಒಂದೇ ಕೆಲಸ ನಡೆಯುತ್ತಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಇಟಲಿಯ ರೊಬೆರ್ತೊ ಬೂಸಾ ಎಂಬ ಪಾದ್ರಿ 1949ರಲ್ಲೇ ಐಬಿಎಂ ಕಂಪನಿಯ ಬಾಗಿಲು ತಟ್ಟಿದ್ದರು. ಥಾಮಸ್ ಅಕ್ವಿನಾಸ್ ಎಂಬ ಮಧ್ಯಯುಗದ ತತ್ವಜ್ಞಾನಿಯ ಅಷ್ಟೂ ಬರಹದ ಪದಸೂಚಿ ಮಾಡಲು ಅವರಿಗೆ ಯಂತ್ರ ಬೇಕಿತ್ತು. ಆ ಕೆಲಸ ಮುಗಿಯಲು ಮೂರು ದಶಕ ಹಿಡಿಯಿತು. ಇಂಥ ಕೆಲಸಕ್ಕೆ ಈಗ ‘ಡಿಜಿಟಲ್ ಹ್ಯುಮ್ಯಾನಿಟೀಸ್’ ಎಂಬ ಭಾರದ ಹೆಸರಿದೆ. ಹೆಸರು ಬಿಡಿ, ಕೆಲಸ ನೋಡೋಣ.

ಜಗಳ ಮುಗಿದ ಮಾರನೇ ದಿನ ಅಪ್ಪನೇ ಮೊಮ್ಮಗಳಿಗೆ ಒಂದು ಸವಾಲು ಹಾಕಿದರು. “ಅಕ್ಷರ ಎಣಿಸೋದು ಬಿಡು, ಮಾತ್ರೆ ಎಣಿಸು ನೋಡೋಣ.”

ಶಾಲೆಯಲ್ಲಿ ಎಲ್ಲರೂ ಪ್ರಸ್ತಾರ ಹಾಕಿದ್ದೇವೆ. ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು. ಹ್ರಸ್ವ ಲಘು. ದೀರ್ಘ ಗುರು. ಸೊನ್ನೆ ಅಥವಾ ವಿಸರ್ಗ ಇದ್ದರೆ ಗುರು. ಒತ್ತಕ್ಷರದ ಹಿಂದಿನದು ಗುರು. ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದಾಗ ಯಾರಿಗೂ ಅನ್ನಿಸಿರಲಿಕ್ಕಿಲ್ಲ, ಇದು ಅಪ್ಪಟ ಪ್ರೋಗ್ರಾಂ ಎಂದು. ಇದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ ಎನ್ನುವ ನಿಯಮಗಳ ಸಾಲು ತಾನೇ. ಒಂದೇ ತೊಡಕೆಂದರೆ, ಒಂದು ಅಕ್ಷರ ಲಘುವೋ ಗುರುವೋ ಎಂದು ಹೇಳಲು ಮುಂದಿನ ಅಕ್ಷರವನ್ನೂ ಇಣುಕಿ ನೋಡಬೇಕು. ಮಗಳು ಅರ್ಧ ಗಂಟೆಯಲ್ಲಿ ಬರೆದಳು.

ಮೊದಲು ಊರಿನ ಹೆಸರು ಹಾಕಿದರು. ತುಮಕೂರು: ಲಘು, ಲಘು, ಗುರು, ಲಘು. ಐದು ಮಾತ್ರೆ. ಕೋಲಾರ: ಗುರು, ಗುರು, ಲಘು. ಅದೂ ಐದೇ. ಚಿಕ್ಕಬಳ್ಳಾಪುರ: ‘ಚಿ’ ಒತ್ತಿನ ಹಿಂದಿದೆ, ಗುರು. ‘ಕ್ಕ’ ಲಘು. ‘ಬ’ ಮತ್ತೆ ಒತ್ತಿನ ಹಿಂದೆ, ಗುರು. ‘ಳ್ಳಾ’ ದೀರ್ಘ, ಗುರು. ‘ಪು’, ‘ರ’ ಎರಡೂ ಲಘು. ಒಂಬತ್ತು ಮಾತ್ರೆ. ಅಪ್ಪ ಬೆರಳು ಮಡಿಸಿ ಎಣಿಸಿದರು, ಲೆಕ್ಕ ಕೂಡಿತು.

ಐದು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು? ಕೊನೆಯದು ಲಘು ಆದರೆ ಅದರ ಹಿಂದೆ ನಾಲ್ಕು ಮಾತ್ರೆ ಇರಬೇಕು. ಕೊನೆಯದು ಗುರು ಆದರೆ ಅದರ ಹಿಂದೆ ಮೂರು ಮಾತ್ರೆ. ಹಾಗಾಗಿ ಐದರ ಲೆಕ್ಕ ಎಂದರೆ ನಾಲ್ಕರ ಲೆಕ್ಕ ಮತ್ತು ಮೂರರ ಲೆಕ್ಕ ಕೂಡಿದ್ದು. ಒಂದು ಮಾತ್ರೆಗೆ 1 ಬಗೆ, ಎರಡಕ್ಕೆ 2, ಮೂರಕ್ಕೆ 3, ನಾಲ್ಕಕ್ಕೆ 5, ಐದಕ್ಕೆ 8. ಹಿಂದಿನ ಎರಡು ಸೇರಿಸಿದರೆ ಮುಂದಿನದು. ಗಣಿತದವರು ಇದನ್ನು ಫಿಬೊನಾಚಿ ಶ್ರೇಣಿ ಎನ್ನುತ್ತಾರೆ. ಫಿಬೊನಾಚಿ ಎಂಬ ಇಟಲಿಯ ಲೆಕ್ಕಗಾರ ಅದನ್ನು ಬರೆದಿದ್ದು 1202ರಲ್ಲಿ, ಮೊಲಗಳ ಸಂತಾನ ಎಣಿಸುತ್ತ. ಜೈನ ಪಂಡಿತ ಹೇಮಚಂದ್ರ ಇದನ್ನು 1150ರ ಸುಮಾರಿಗೇ ಮಾತ್ರೆಗಳ ಲೆಕ್ಕವಾಗಿ ಹೇಳಿದ್ದ. ಅವನಿಗಿಂತ ಹಿಂದೆ ವಿರಹಾಂಕ ಎಂಬ ಪಂಡಿತ ಹೇಳಿದ್ದ. ತುಮಕೂರಿನ ಪಕ್ಕದ ಕೈದಾಳದ ಚೆನ್ನಕೇಶವ ಗುಡಿ ಎದ್ದಿದ್ದೂ 1150ರ ಹೊತ್ತಿಗೇ. ಸಂಬಂಧ ಏನೂ ಇಲ್ಲ, ಕಾಲ ಕಣ್ಣಿಗೆ ಕಟ್ಟಲಿ ಎಂದು ಹೇಳಿದೆ. “ಎಲ್ಲ ನಮ್ಮಲ್ಲೇ ಇತ್ತು” ಎಂದು ಬೀಗಲು ಅಲ್ಲ. ಛಂದಸ್ಸಿನ ಪಂಡಿತರಿಗೆ ಈ ಲೆಕ್ಕ ಬೇಕಾಗಿತ್ತು, ಅದಕ್ಕೆ ಕಂಡುಕೊಂಡರು, ಅಷ್ಟೇ.

ಆಮೇಲೆ ಅಪ್ಪ ಕೂತಲ್ಲೇ ಭಾಮಿನಿಯಲ್ಲಿ ಮೂರು ಸಾಲು ಕಟ್ಟಿದರು. ನಮ್ಮೂರ ಕೆರೆ ಏರಿಯ ಹತ್ತಿರ ಒಂದು ವೀರಗಲ್ಲಿದೆ, ಅದರ ಮೇಲೆ.

ಬೆಟ್ಟದಡಿಯಲಿ ನಿಂತ ಕಲ್ಲಿದು
ಕೊಟ್ಟ ಮಾತಿಗೆ ಜೀವ ತೆತ್ತನು
ಪಟ್ಟು ಬಿಡದೆಯೆ ತುರುವ ಕಾಯ್ದವನೂರ ಬಾಗಿಲಲಿ

ತುರು ಎಂದರೆ ದನ. ದೊಡ್ಡ ಕಾವ್ಯ ಅಲ್ಲ, ಲೆಕ್ಕಕ್ಕೆ ಸಾಕು. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೇ ಸಾಲಿನಲ್ಲಿ 3, 4, 3, 4 ಎಂದು 14 ಮಾತ್ರೆ. ಮೂರು ಮತ್ತು ಆರನೇ ಸಾಲಿನಲ್ಲಿ 3, 4, 3, 4, 3, 4, ಕೊನೆಗೊಂದು ಗುರು, ಒಟ್ಟು 23. ಮಗಳ ಪ್ರೋಗ್ರಾಂ ಮೊದಲೆರಡು ಸಾಲಿಗೆ 14 ಎಂದಿತು. ಮೂರನೆಯದಕ್ಕೆ 22 ಎಂದಿತು.

“ತಾತ, ಒಂದು ಮಾತ್ರೆ ಕಡಿಮೆ.”

“ಕಡಿಮೆ ಇಲ್ಲ. ಕೊನೆಯ ‘ಲಿ’ಯನ್ನ ಹಾಡುವಾಗ ಎಳೀತೀವಿ. ಅಲ್ಲಿ ಅದು ಗುರುವೇ.”

ಪ್ರೋಗ್ರಾಮಿಗೆ ಇನ್ನೊಂದು ಸಾಲು ಸೇರಿತು. ಮರುದಿನ ಹಳಗನ್ನಡದ ಪದ್ಯ ಹಾಕಿದಾಗ ಮತ್ತೆ ಎಡವಿತು. ‘ಅಮರ್ದು’ ಎಂಬ ಪದ. ನಿಯಮದ ಪ್ರಕಾರ ‘ಮ’ ಒತ್ತಿನ ಹಿಂದಿದೆ, ಗುರುವಾಗಬೇಕು. ಆದರೆ ಅಲ್ಲಿ ಒತ್ತನ್ನು ತೇಲಿಸಿ ಹೇಳುತ್ತಾರೆ, ‘ಮ’ ಲಘುವಾಗೇ ಉಳಿಯುತ್ತದೆ. ಇದಕ್ಕೆ ಶಿಥಿಲದ್ವಿತ್ವ ಎಂದು ಹೆಸರು. ಯಾವಾಗ ತೇಲಿಸಬೇಕು? “ಕಿವಿಗೆ ಗೊತ್ತಾಗುತ್ತೆ” ಎಂದರು ಅಪ್ಪ. ಮಗಳು ಕೀಬೋರ್ಡ್ ಮೇಲೆ ಕೈ ಇಟ್ಟುಕೊಂಡು ಕಾಯುತ್ತಿದ್ದಳು. ಕಿವಿಯನ್ನು ಪ್ರೋಗ್ರಾಮಿನಲ್ಲಿ ಹೇಗೆ ಬರೆಯುವುದು?

ಅಂದು ಸಂಜೆಯೆಲ್ಲ ಅಪ್ಪ ಪದ ಹೇಳುತ್ತ, ತಮ್ಮ ಕಿವಿಗೆ ಏನು ಗೊತ್ತಾಗುತ್ತಿದೆ ಎಂದು ತಾವೇ ಹುಡುಕುತ್ತ ಕೂತಿದ್ದರು. ಒತ್ತಿನ ಮೊದಲ ವ್ಯಂಜನ ಹೆಚ್ಚಾಗಿ ರ, ಲ, ಳದ ಗುಂಪಿನದು ಎಂಬಲ್ಲಿಗೆ ಬಂದರು. ಅದನ್ನು ಹಳೆಯ ವ್ಯಾಕರಣಕಾರರೂ ಗುರುತಿಸಿದ್ದರು. ಆದರೂ ಪೂರ್ತಿ ನಿಯಮ ಸಿಗಲಿಲ್ಲ, ಛಂದಸ್ಸು ಕೇಳಿದಲ್ಲಿ ತೇಲಿಸಬೇಕು ಎಂಬುದೇ ಉಳಿಯಿತು. ಕಂಪ್ಯೂಟರ್ ಜೊತೆ ಕೆಲಸ ಮಾಡಿದರೆ ಕನ್ನಡದವರಿಗೆ ಏನು ಲಾಭ ಎಂದು ಯಾರಾದರೂ ಕೇಳಿದರೆ ನಾನು ಈ ಸಂಜೆಯನ್ನು ತೋರಿಸುತ್ತೇನೆ. ಗೊತ್ತಿದ್ದೂ ಹೇಳಲು ಬಾರದ್ದನ್ನು ಯಂತ್ರ ಬಾಯಿ ಬಿಡಿಸುತ್ತದೆ. ಅದಕ್ಕೆ “ಅರ್ಥ ಮಾಡ್ಕೋ” ಎಂದರೆ ಆಗುವುದಿಲ್ಲವಲ್ಲ.

ಇನ್ನು ಕಂಪ್ಯೂಟರಿನವರಿಗೆ ಏನು ಲಾಭ? ಅದಕ್ಕೆ ಆಧಾರ್ ನಂಬರು ತೆಗೆದುಕೊಳ್ಳಿ.

ಸೈಬರ್ ಸೆಂಟರಿನಲ್ಲಿ ಅರ್ಜಿ ಹಾಕುವಾಗ ಆಧಾರಿನ ಒಂದು ಅಂಕಿ ತಪ್ಪಿದರೆ ಪರದೆಯ ಮೇಲೆ ಕೂಡಲೇ ಕೆಂಪು ಅಕ್ಷರ ಬರುತ್ತದೆ. ನಿಮ್ಮ ಹೆಸರು, ಊರು ಏನನ್ನೂ ನೋಡದೆ ಅದಕ್ಕೆ ಹೇಗೆ ಗೊತ್ತಾಯಿತು? ಆಧಾರಿನ 12 ಅಂಕಿಗಳಲ್ಲಿ ಕೊನೆಯದು ನಿಜವಾದ ಅಂಕಿಯಲ್ಲ. ಮೊದಲ 11ರಿಂದ ಲೆಕ್ಕ ಹಾಕಿ ಬರಿಸಿದ ಕಾವಲುಗಾರ. ಒಂದು ಅಂಕಿ ಬದಲಾದರೆ, ಅಕ್ಕಪಕ್ಕದ ಎರಡು ಅದಲುಬದಲಾದರೆ, ಲೆಕ್ಕ ಕೂಡುವುದಿಲ್ಲ. ಸಿಕ್ಕಿಬೀಳುತ್ತದೆ. ಇದನ್ನು ಚೆಕ್‌ಸಮ್ ಎನ್ನುತ್ತಾರೆ. ಅಮೆರಿಕದ ರಿಚರ್ಡ್ ಹ್ಯಾಮಿಂಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೆಲ್ ಪ್ರಯೋಗಾಲಯದ ಯಂತ್ರ ವಾರಾಂತ್ಯದಲ್ಲಿ ತಪ್ಪು ಸಿಕ್ಕಾಗಲೆಲ್ಲ ಅವರ ಕೆಲಸವನ್ನು ಅರ್ಧಕ್ಕೇ ಬಿಟ್ಟುಬಿಡುತ್ತಿತ್ತು. ತಪ್ಪಾಗಿದೆ ಎಂದು ಹಿಡಿಯಬಲ್ಲ ಯಂತ್ರ ಅದನ್ನು ತಿದ್ದಲೂಬಾರದೇಕೆ ಎಂದು ರೇಗಿ, 1950ರಲ್ಲಿ ತಪ್ಪು ತಿದ್ದುವ ಸಂಕೇತಗಳನ್ನು ಪ್ರಕಟಿಸಿದರು. ಗುಟ್ಟು ಇಷ್ಟೇ: ಹೇಳಬೇಕಾದ್ದನ್ನು ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಹೇಳಿಡುವುದು. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯಿಂದ ಹಿಡಿಯಬಹುದು.

ಈಗ ಅಪ್ಪನ ಎರಡನೇ ಸಾಲಿಗೆ ಬನ್ನಿ. ಅದು ಕಲ್ಲಿನ ಮೇಲಿತ್ತು, ಎರಡನೇ ಅಕ್ಷರದ ಮೇಲೆ ಯಾರೋ ಕುಡುಗೋಲು ಮಸೆದು ಅಳಿಸಿಹೋಗಿದೆ ಎಂದುಕೊಳ್ಳಿ. “ಕೊ— ಮಾತಿಗೆ ಜೀವ ತೆತ್ತನು.” ಉಳಿದದ್ದು 4, 3, 4, ಸೇರಿ 11 ಮಾತ್ರೆ. ಸಾಲು 14 ಆಗಬೇಕು, ಅಂದರೆ ‘ಕೊ’ ಮತ್ತು ಅಳಿಸಿದ ಅಕ್ಷರ ಸೇರಿ 3. ‘ಕೊ’ ಲಘುವಾದರೆ ಅಳಿಸಿದ್ದು ಗುರು. ಅಳಿಸಿದ್ದು ಒತ್ತಕ್ಷರವಾದರೆ ‘ಕೊ’ ಗುರು, ಅದು ಲಘು. ಎರಡೇ ದಾರಿ. ಇಲ್ಲಿ ಆದಿಪ್ರಾಸ ಕೈ ಹಿಡಿಯುತ್ತದೆ. ಬೆಟ್ಟ, ಪಟ್ಟು. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಹಾಗಾದರೆ ಅಳಿಸಿದ್ದು ‘ಟ್ಟ’ದ ಬಳಗದ್ದು. ಟ್ಟ, ಟ್ಟಿ, ಟ್ಟು, ಟ್ಟೆ, ಇಷ್ಟರಲ್ಲೇ ಒಂದು. “ಕೊಟ್ಟು ಮಾತಿಗೆ” ಎಂದು ಯಾರೂ ಹೇಳುವುದಿಲ್ಲ. “ಕೊಟ್ಟ ಮಾತಿಗೆ.” ಮುಗಿಯಿತು.

ಮಾತ್ರೆ ಒಂದು ಕಾವಲು, ಪ್ರಾಸ ಇನ್ನೊಂದು, ಅರ್ಥ ಮೂರನೆಯದು. ಹಾಡಿಗೆ ಚೆಂದ ಬರಲಿ ಎಂದಷ್ಟೇ ಇವನ್ನು ಇಟ್ಟಿದ್ದಾರೆ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಕಾವ್ಯ ಹಾಡುವ ಗಮಕಿಗಳು ಸಾವಿರಾರು ಪದ್ಯಗಳನ್ನು ಪುಸ್ತಕ ನೋಡದೆ ಹೇಳುತ್ತಾರಲ್ಲ, ಒಂದು ಅಕ್ಷರ ಜಾರಿದರೆ ತಾಳವೇ ಅವರನ್ನು ತಡೆದು ನಿಲ್ಲಿಸುತ್ತದೆ. ಮಗಳು ಇದನ್ನು ಕೇಳಿ “ತಾತ, ಇದು ನಮ್ಮ ಮೂರನೇ ಯೂನಿಟ್” ಎಂದಳು. ತಾತನಿಗೆ ಯೂನಿಟ್ ಅಂದರೆ ಕರೆಂಟಿನದು.

ಈ ಹೋಲಿಕೆ ಎಲ್ಲ ಕಡೆ ನಡೆಯುವುದಿಲ್ಲ, ಅದನ್ನೂ ಹೇಳಬೇಕು. ಆಧಾರಿನ ಕಾವಲುಗಾರ ಯಾವ ಒಂದು ಅಂಕಿ ತಪ್ಪಿದರೂ ಬಿಡುವುದಿಲ್ಲ. ಮಾತ್ರೆ ಹಾಗಲ್ಲ. ಹಾಡುವವರು ‘ತುಮಕೂರು’ ಎನ್ನುವಲ್ಲಿ ‘ಕೋಲಾರ’ ಎಂದುಬಿಟ್ಟರೆ ಎರಡೂ ಐದೇ ಮಾತ್ರೆ. ತಾಳಕ್ಕೆ ಏನೂ ಗೊತ್ತಾಗುವುದಿಲ್ಲ. ಊರೇ ಬದಲಾಗಿರುತ್ತದೆ.

ಇನ್ನೊಂದು ಮಾತು. ವೀರಗಲ್ಲುಗಳ ಬರಹ ಹೆಚ್ಚಿನದು ಪದ್ಯವಲ್ಲ, ಗದ್ಯ. ಅಲ್ಲಿ ಮಾತ್ರೆಯ ಕಾವಲು ಇಲ್ಲ. ಆದರೆ ಬೇರೆ ಕಾವಲಿದೆ. ಶಾಸನದವರು ಒಂದೇ ಸಿದ್ಧ ಮಾತನ್ನು ಮತ್ತೆ ಮತ್ತೆ ಕೆತ್ತುತ್ತಿದ್ದರು. ಗಂಗ ಅರಸರ ಬಿರುದು ನೋಡಿ: ‘ಕೊವಳಾಲಪುರವರೇಶ್ವರ ನನ್ದಗಿರಿನಾಥ’. ಕೊವಳಾಲ ಎಂದರೆ ಇವತ್ತಿನ ಕೋಲಾರ, ನನ್ದಗಿರಿ ಎಂದರೆ ನಂದಿಬೆಟ್ಟ. ಕಲ್ಲಿನಲ್ಲಿ ‘ಕೊವಳಾ’ ಉಳಿದು ಮುಂದಿನದು ಸವೆದಿದ್ದರೂ, ಕೊನೆಗೆ ‘ಗಿರಿನಾ’ ಕಂಡರೆ, ನಡುವೆ ಏನಿತ್ತೆಂದು ಶಾಸನ ಓದುವವರು ಕಣ್ಣುಮುಚ್ಚಿ ಹೇಳುತ್ತಾರೆ. ಆದರೆ ಕಂಪ್ಯೂಟರಿನಲ್ಲಿ ‘ಕೋಲಾರ’ ಎಂದು ಹುಡುಕಿದರೆ ಈ ಶಾಸನ ಸಿಗುವುದೇ ಇಲ್ಲ. ಕೊವಳಾಲ, ಕುವಳಾಲ, ಕೋಲಾಲ ಎಲ್ಲ ಒಂದೇ ಊರು ಎಂದು ಯಾರಾದರೂ ಅದಕ್ಕೆ ಹೇಳಿಕೊಡಬೇಕು. ಅದೂ ಸಾಲದು. ಹಳೆಯ ಶಾಸನಗಳಲ್ಲಿ ಒ-ಕಾರ ಹ್ರಸ್ವವೋ ದೀರ್ಘವೋ ಎಂಬ ಗುರುತೇ ಇರುವುದಿಲ್ಲ. ಓದುವವರೇ ತೀರ್ಮಾನಿಸಬೇಕು. ಶಾಸನದಲ್ಲಿ ಕಂದಪದ್ಯ ಇದ್ದರೆ ಬದುಕಿಕೊಂಡಿರಿ. ಕಂದದಲ್ಲಿ ಸಾಲಿಗೆ 12, 20, 12, 20 ಎಂದು ಮಾತ್ರೆ ನಿಗದಿ, ದೀರ್ಘವೋ ಹ್ರಸ್ವವೋ ಎಂದು ಲೆಕ್ಕವೇ ಹೇಳುತ್ತದೆ.

ತಾರೀಖು ಬರೆಯುವ ಬಗೆ ಇನ್ನೂ ಚೆಂದ. ಶಕವರ್ಷ ಇಷ್ಟು, ಸಂವತ್ಸರ ಇಂಥದು, ಮಾಸ, ಪಕ್ಷ, ತಿಥಿ, ಕೊನೆಗೆ ವಾರ. ಒಂದೇ ದಿನವನ್ನು ಐದಾರು ಬಗೆಯಲ್ಲಿ ಹೇಳಿದ್ದಾರೆ. ಶಕವರ್ಷಕ್ಕೆ 78 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಶಕದ ಅಂಕಿ ಸವೆದಿದ್ದರೂ ಸಂವತ್ಸರ, ಮಾಸ, ತಿಥಿ, ವಾರ ಹಿಡಿದು ವರ್ಷ ಕಂಡುಹಿಡಿಯಬಹುದು. ನೂರು ವರ್ಷದ ಹಿಂದೆ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೈ ಇದಕ್ಕೆಂದೇ ದಪ್ಪ ದಪ್ಪ ಕೋಷ್ಟಕಗಳನ್ನು ಲೆಕ್ಕ ಹಾಕಿಟ್ಟರು. ಈಗ ಕಂಪ್ಯೂಟರ್‌ಗೆ ಕ್ಷಣದ ಕೆಲಸ. ಆ ತಿಥಿ ಆ ವಾರ ಬಿದ್ದಿರಲಿಲ್ಲ ಎಂದು ಅದು ಹೇಳಬಹುದು. ಅಲ್ಲಿಗೆ ಅದರ ಕೆಲಸ ಮುಗಿಯಿತು. ಕೆತ್ತಿದವನು ತಪ್ಪಿದನೋ, ನಾವು ಓದಿದ್ದು ತಪ್ಪೋ, ಅಥವಾ ಜಮೀನಿನ ಆಸೆಗೆ ಯಾರೋ ಮುನ್ನೂರು ವರ್ಷದ ಆಮೇಲೆ ಹುಟ್ಟಿಸಿದ ಸುಳ್ಳು ದಾನಪತ್ರವೋ? ಅದನ್ನು ಲಿಪಿ, ಭಾಷೆ, ರಾಜಕೀಯ ಬಲ್ಲವರು ಹೇಳಬೇಕು.

ಬಿ.ಎಲ್. ರೈಸ್ ಎಂಬ ಬ್ರಿಟಿಷ್ ವಿದ್ವಾಂಸರು ಮೈಸೂರು ಸಂಸ್ಥಾನ ಸುತ್ತಿ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಜಿಲ್ಲಾವಾರು ಅಚ್ಚು ಹಾಕಿಸಿದರು. ತುಮಕೂರು ಜಿಲ್ಲೆಯದು 12ನೇ ಸಂಪುಟ, 1904. ಕೋಲಾರದ್ದು 10ನೇ ಸಂಪುಟ, 1905. ಚಿಕ್ಕಬಳ್ಳಾಪುರ ಆಗ ಕೋಲಾರದೊಳಗೇ ಇತ್ತು, ಬೇರೆ ಜಿಲ್ಲೆಯಾಗಿದ್ದು 2007ರಲ್ಲಿ. ಕಾಗದ ನೆನೆಸಿ ಕಲ್ಲಿಗೆ ಅಂಟಿಸಿ, ಬ್ರಷ್ಷಿನಲ್ಲಿ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುವುದು ಹಳೆಯ ಪದ್ಧತಿ. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿ ಎಂಬ ಸಂಸ್ಥೆಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸ್ಕ್ಯಾನರ್ ಕಲ್ಲಿನ ಬಣ್ಣವನ್ನಲ್ಲ, ಉಬ್ಬುತಗ್ಗನ್ನು ಅಳೆಯುತ್ತದೆ. ಆಮೇಲೆ ಪರದೆಯ ಮೇಲೆ ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಬಹುದು. ಓರೆಯಾಗಿ ಬೆಳಕು ಬಿದ್ದರೆ ತೆಳು ಗೆರೆಗೂ ನೆರಳು ಹುಟ್ಟುತ್ತದೆ, ಅಕ್ಷರ ಎದ್ದು ಕಾಣುತ್ತದೆ. ಅಪ್ಪ ರಾತ್ರಿ ಹೊತ್ತು ಟಾರ್ಚನ್ನು ಕಲ್ಲಿಗೆ ಅಡ್ಡ ಹಿಡಿದು ನೋಡುವುದೂ ಇದೇ ಉಪಾಯ.

ಸ್ಕ್ಯಾನ್ ಆಯಿತು, ಓದಿಯೂ ಆಯಿತು. ಟೈಪ್ ಮಾಡಲು ಕೂತರೆ ಇನ್ನೊಂದು ಫಜೀತಿ. ಹಳಗನ್ನಡದ ‘ೞ’ ನೆನಪಿದೆಯಾ? ಕೋೞಿ, ಬಾೞೆ, ಏೞು. ಈಗ ನಾವು ‘ಳ’ ಬರೆಯುವ ಎಷ್ಟೋ ಕಡೆ ಆಗ ಇದಿತ್ತು. ತಮಿಳಿನಲ್ಲಿ ಇವತ್ತಿಗೂ ಇದೆ. ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ ಮನೆ ಇದೆ, ಆದರೆ ಬಾಗಿಲ ಮೇಲಿನ ಹೆಸರು ‘ಫ’! ಪಟ್ಟಿ ಮಾಡಿದ ಕಾಲದಲ್ಲಿ ಇದು ‘ಫ’ಕಾರದ ಯಾವುದೋ ಗುರುತು ಎಂದು ಬರೆದುಬಿಟ್ಟರು. ತಪ್ಪು ಗೊತ್ತಾಯಿತು, ಆದರೆ ಯೂನಿಕೋಡಿನಲ್ಲಿ ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ. ಬದಲಿಸಿದರೆ ಆ ಹೆಸರನ್ನು ನಂಬಿ ಬರೆದ ಪ್ರೋಗ್ರಾಂಗಳು ಕೆಡುತ್ತವೆ. ಹಾಗಾಗಿ ಪಕ್ಕದಲ್ಲೊಂದು ತಿದ್ದುಪಡಿ ಅಂಟಿಸಿದ್ದಾರೆ, ಮೂಲ ಹೆಸರು ಹಾಗೇ ಇದೆ. ಆ ದಿನ ಆ ಕೋಣೆಯಲ್ಲಿ ಹಳಗನ್ನಡ ಓದಿದ ಒಬ್ಬ ಮೇಷ್ಟ್ರು ಕೂತಿದ್ದರೆ ಎರಡು ನಿಮಿಷದಲ್ಲಿ ಮುಗಿಯುವ ವಿಷಯ. ಅಪ್ಪನಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. ಸುಮಾರು ಹೊತ್ತು ಸುಮ್ಮನಿದ್ದರು.

ಸವೆದ ಶಾಸನವನ್ನು ಕೃತಕ ಬುದ್ಧಿಮತ್ತೆ ತುಂಬಿಕೊಡಬಲ್ಲದೇ? ಗ್ರೀಕ್ ಭಾಷೆಯಲ್ಲಿ ಮಾಡಿ ನೋಡಿದ್ದಾರೆ. 2022ರಲ್ಲಿ ಗೂಗಲಿನ ಡೀಪ್‌ಮೈಂಡ್ ಮತ್ತು ಇತಿಹಾಸಕಾರರು ಸೇರಿ ‘ಇಥಾಕಾ’ ಎಂಬ ಮಾದರಿ ಕಟ್ಟಿದರು. ಸುಮಾರು 78 ಸಾವಿರ ಗ್ರೀಕ್ ಶಾಸನಗಳನ್ನು ಓದಿಸಿ, ಅಳಿಸಿದ ಅಕ್ಷರ ಊಹಿಸಲು ಕಲಿಸಿದರು. ಇತಿಹಾಸಕಾರರು ತಾವೇ ತುಂಬಿದಾಗ 25 ಶೇಕಡಾ ಸರಿ ಬಂತು. ಯಂತ್ರ ತಾನೇ ತುಂಬಿದಾಗ 62. ಯಂತ್ರದ ಸಲಹೆ ಮುಂದಿಟ್ಟುಕೊಂಡು ಇತಿಹಾಸಕಾರರು ತುಂಬಿದಾಗ 72. ಆ ಕೊನೆಯ ಹತ್ತಕ್ಕೇ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಅದು ಯಂತ್ರದ್ದೂ ಅಲ್ಲ, ಪಂಡಿತರದ್ದು ಮಾತ್ರವೂ ಅಲ್ಲ. ಆದರೆ ಯಂತ್ರ ಕಲಿಯುವ ಮೊದಲು ಆ 78 ಸಾವಿರವನ್ನು ಯಾರೋ ಓದಿ, ಟೈಪ್ ಮಾಡಿ, ತಿದ್ದಿ ಇಟ್ಟಿದ್ದರು. ಆ ಬೇಸರದ ಕೆಲಸ ಇಲ್ಲದೆ ಯಾವ ಬುದ್ಧಿಮತ್ತೆಯೂ ಹುಟ್ಟುವುದಿಲ್ಲ. ನಮ್ಮಲ್ಲಿ ‘ವಚನ ಸಂಚಯ’ದವರು ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಹುಡುಕಲು ಬರುವಂತೆ ಮಾಡಿಟ್ಟಿದ್ದಾರೆ. ಅಂಥ ಕೆಲಸ ಇನ್ನೂ ಬೇಕಾದಷ್ಟು ಬಾಕಿ ಇದೆ.

ವಚನ ಎಂದ ಮೇಲೆ ಅಂಕಿತದ ವಿಷಯ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಗದ್ದುಗೆ ಇರುವ ತೋಂಟದ ಸಿದ್ಧಲಿಂಗರ ಹೆಸರಿನಲ್ಲಿ 701 ವಚನಗಳಿವೆ, ‘ಮಹಾಲಿಂಗಗುರು ಶಿವಸಿದ್ಧೇಶ್ವರ ಪ್ರಭುವೇ’ ಎಂಬ ಅಂಕಿತದಲ್ಲಿ. ಅಂಕಿತ ಎಂದರೆ ಸಹಿ. ಮಗಳು ಇದು ಡಿಜಿಟಲ್ ಸಹಿ ಇದ್ದಂತೆ ಎಂದಳು. ಇಲ್ಲಿ ನಾನು ಒಪ್ಪಲಿಲ್ಲ. ಡಿಜಿಟಲ್ ಸಹಿಯನ್ನು ಬೇರೆಯವರು ಹಾಕಲಾಗದು. ಅಂಕಿತವನ್ನು ಯಾರು ಬೇಕಾದರೂ ಹಾಕಬಹುದು, ಹಾಕಿದ್ದಾರೆ ಕೂಡ. ಅದಕ್ಕೇ ಪ್ರಕ್ಷಿಪ್ತ (ಆಮೇಲೆ ಸೇರಿಸಿದ್ದು) ಯಾವುದು, ಮೂಲ ಯಾವುದು ಎಂದು ವಿದ್ವಾಂಸರು ತಲೆ ಕೆಡಿಸಿಕೊಂಡಿರುವುದು.

ಅದನ್ನು ಕಂಪ್ಯೂಟರ್ ಹೇಳಬಹುದಾ? ಒಂದು ವಿಧಾನ ಇದೆ. ಬರೆಯುವವರು ದೊಡ್ಡ ಪದಗಳನ್ನು ಬೇಕೆಂದೇ ಆರಿಸುತ್ತಾರೆ, ಸಣ್ಣ ಪದಗಳನ್ನು ಗಮನವಿಲ್ಲದೆ ಬಳಸುತ್ತಾರೆ. ಕನ್ನಡದಲ್ಲಿ ಆದರೆ, ಮತ್ತು, ಎಂದು, ಇಂಥವು. ಯಾರು ಯಾವುದನ್ನು ಎಷ್ಟು ಸಲ ಬಳಸುತ್ತಾರೆ ಎಂಬುದೇ ಅವರ ಬೆರಳಚ್ಚು. ಅಮೆರಿಕದ ಸಂವಿಧಾನದ ಪರವಾಗಿ ಬಂದ 85 ಲೇಖನಗಳಲ್ಲಿ 12 ಯಾರದೆಂದು ವಿವಾದವಿತ್ತು. 1964ರಲ್ಲಿ ಮಾಸ್ಟೆಲರ್ ಮತ್ತು ವ್ಯಾಲೇಸ್ ಎಂಬಿಬ್ಬರು ಸಣ್ಣ ಪದಗಳನ್ನು ಎಣಿಸಿ, ಅವು ಆಮೇಲೆ ಅಮೆರಿಕದ ಅಧ್ಯಕ್ಷರಾದ ಮ್ಯಾಡಿಸನ್ ಬರೆದವು ಎಂದು ತೋರಿಸಿದರು. ವಚನಗಳಿಗೂ ಇದನ್ನು ಹಚ್ಚೋಣ ಎಂದು ಮಗಳು ಹುರುಪಿನಿಂದ ಕೂತಳು. ಅಪ್ಪ ಒಂದೇ ಪ್ರಶ್ನೆ ಕೇಳಿದರು: “ಅವು ಬಾಯಿಂದ ಬಾಯಿಗೆ ಬಂದವು, ಆಮೇಲೆ ಓಲೆಗರಿಯಲ್ಲಿ ಪ್ರತಿ ಮಾಡಿದರು. ಪ್ರತಿ ಮಾಡೋನು ದೊಡ್ಡ ಪದ ಮುಟ್ಟಲ್ಲ. ಸಣ್ಣ ಪದಾನೇ ಬದಲಾಯಿಸ್ತಾನೆ. ನೀನು ಎಣಿಸ್ತಿರೋದು ವಚನಕಾರರನ್ನೋ, ಪ್ರತಿ ಮಾಡಿದೋನನ್ನೋ?”

ಮಗಳು ಲ್ಯಾಪ್‌ಟಾಪ್ ಮುಚ್ಚಿದಳು. ಆಮೇಲೆ ಮತ್ತೆ ತೆರೆದಳು. ಬೇರೆ ಬೇರೆ ಪ್ರತಿಗಳಲ್ಲಿ ಒಂದೇ ವಚನ ಎಷ್ಟೆಷ್ಟು ಬದಲಾಗಿದೆ ಎಂದು ಮೊದಲು ನೋಡಬೇಕು ಎಂದು ಬರೆದುಕೊಂಡಳು. ಇದು ಒಳ್ಳೆ ಪ್ರಶ್ನೆ. ಅವಳ ತರಗತಿಯಲ್ಲಿ ಯಾರೂ ಕೇಳಿರಲಿಲ್ಲ.

ರಜೆಯ ಕೊನೆಯ ರಾತ್ರಿ ಮೂವರೂ ಕೆರೆ ಏರಿಗೆ ಹೋದೆವು. ವೀರಗಲ್ಲಿಗೆ ಯಾರೋ ಸುಣ್ಣ ಬಳಿದಿದ್ದರು. ಅಪ್ಪ ನೀರು ಹಾಕಿ ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿದರು, ನಾನು ಟಾರ್ಚು ಅಡ್ಡ ಹಿಡಿದೆ, ಮಗಳು ಬೇರೆ ಬೇರೆ ಕೋನದಿಂದ ಇಪ್ಪತ್ತು ಫೋಟೋ ತೆಗೆದಳು. ಕೆಳಗಿನ ಪಟ್ಟಿಯಲ್ಲಿ ದನ, ಬಿಲ್ಲು ಹಿಡಿದವನು. ಅದರ ಮೇಲೆ ಒಂದೂವರೆ ಸಾಲು ಬರಹ. ‘ತುಱು’ ಎಂಬುದು ಸ್ಪಷ್ಟ ಇದೆ. ಅದರ ಮುಂದಿನ ಮೂರನೇ ಅಕ್ಷರ ಅಪ್ಪನಿಗೆ ‘ೞ’ ಕಂಡಿತು. ಫೋಟೋಗಳನ್ನು ಕೂಡಿಸಿದ ಮೇಲೆ ಮಗಳಿಗೆ ‘ಳ’ ಕಂಡಿತು. ಅವಳು ಕೋಷ್ಟಕದಲ್ಲಿ ಎರಡು ಮನೆ ಮಾಡಿದಳು. ಒಂದಕ್ಕೆ ‘ತಾತನ ಓದು’ ಎಂದು ಹೆಸರಿಟ್ಟಳು, ಇನ್ನೊಂದಕ್ಕೆ ‘ಫೋಟೋ ಓದು’. ಎರಡನ್ನೂ ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದಳು. ಸಂಕ್ರಾಂತಿಗೆ ಬಂದಾಗ ಇನ್ನೊಮ್ಮೆ ನೋಡಬೇಕು, ಅಷ್ಟರೊಳಗೆ ಮತ್ತೆ ಸುಣ್ಣ ಬಳಿಯದಿದ್ದರೆ ಸಾಕು ಎಂದರು ಅಪ್ಪ.